ಪ್ಯಾರಾಗ್ಲೈಡರ್ ಇಳಿಸುವುದು ಹೇಗೆ: ಮೈದಾನದ ಶಿಸ್ತು, ಮೈದಾನದ ಮರ್ಯಾದೆ

ಹಿಮಾಚಲ ಪ್ರದೇಶದ ಬಿಲ್ಲಿಂಗ್‌ನ ಹುಲ್ಲುಗಾವಲಿನಿಂದ, ಅಂದರೆ ಸುಮಾರು 2,400 ಮೀಟರ್ ಎತ್ತರದಿಂದ ಹಾರಿದವರು, ಅದಕ್ಕಿಂತ ಸಾವಿರ ಮೀಟರ್‌ನಷ್ಟು ಕೆಳಗಿರುವ ಬಿರ್ ಗ್ರಾಮದ ಮೈದಾನದಲ್ಲಿ ಇಳಿಯುತ್ತಾರೆ. ಅಕ್ಟೋಬರ್–ನವೆಂಬರ್ ತಿಂಗಳಲ್ಲಿ ಆ ಮೈದಾನದ ಅಂಚಿನಲ್ಲಿ ಒಂದು ಮಧ್ಯಾಹ್ನ ನಿಂತವರಿಗೆ, ಗಂಟೆಗಟ್ಟಲೆ ಸೊಗಸಾಗಿ ಹಾರಿದ ಪೈಲಟ್‌ಗಳೂ ಕೊನೆಯ ಅರ್ಧ ನಿಮಿಷದಲ್ಲಿ ಎಡವುವುದು ಕಾಣುತ್ತದೆ. ಬೆಂಗಳೂರಿನಿಂದ ಪುಣೆ ಬಳಿಯ ಕಾಮ್ಶೇತ್‌ಗೂ ಬಿರ್‌ಗೂ ಹೋಗುವ ಕನ್ನಡಿಗರು ಹೆಚ್ಚುತ್ತಿರುವುದರಿಂದ, ತರಬೇತಿ ಮುಗಿಸಿ ಕ್ಲಬ್‌ಗಳ ಜೊತೆ ಹಾರಲು ತೊಡಗಿರುವವರಿಗಾಗಿ ಈ ವಿವರಣೆ.

ಹಾರುವ ಮುನ್ನ

ಇಳಿಯುವ ಮೈದಾನವನ್ನು ಒಮ್ಮೆ ನಡೆದು ನೋಡಿ. ವಿದ್ಯುತ್ ತಂತಿ, ಮರದ ಸಾಲು, ಬೇಲಿ, ವಿಂಡ್‌ಸಾಕ್ (ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲ) ಎಲ್ಲೆಲ್ಲಿವೆ ಎಂಬುದು ನೆನಪಿನಲ್ಲಿರಲಿ. ಮೇಲಿನಿಂದ ಕಂಬ ಕಾಣುತ್ತದೆ, ತಂತಿ ಕಾಣುವುದಿಲ್ಲ. ಆದ್ದರಿಂದ ಎರಡು ಕಂಬಗಳ ನಡುವೆ ತಂತಿ ಇದ್ದೇ ಇದೆ ಎಂದು ತಿಳಿಯಬೇಕು. ಬೂಟಿನ ಲೇಸ್ ಸಿಕ್ಕಿಸುವ ಲೋಹದ ಕೊಕ್ಕೆಗಳಿಗೆ ಗ್ಲೈಡರ್‌ನ ದಾರಗಳು ಸಿಕ್ಕಿಕೊಳ್ಳುತ್ತವೆ. ಕೊಕ್ಕೆಯಿಲ್ಲದ, ಕಣಕಾಲನ್ನು ಹಿಡಿದು ನಿಲ್ಲಿಸುವ ಬೂಟನ್ನೇ ಕೊಳ್ಳಿ.

300 ಮೀಟರ್ ಎತ್ತರದಲ್ಲಿ

ಈ ಎತ್ತರಕ್ಕೆ ಬರುವಷ್ಟರಲ್ಲಿ ಹಾರಾಟ ಮುಗಿಯಿತೆಂದು ತೀರ್ಮಾನಿಸಿ, ಗಾಳಿಯನ್ನು ಓದಲು ಶುರುಮಾಡಬೇಕು. ವಿಂಡ್‌ಸಾಕ್ ಒಂದನ್ನೇ ನಂಬದೆ, ಹೊಲದಲ್ಲಿ ಏಳುವ ಹೊಗೆಯನ್ನೂ ನಿಮಗಿಂತ ಮೊದಲು ಇಳಿದವರು ಮುಖ ಮಾಡಿದ ದಿಕ್ಕನ್ನೂ ಗಮನಿಸಿ. ಬಿರ್‌ನಲ್ಲಿ ಹಗಲೆಲ್ಲ ಬಯಲಿನ ಕಡೆಯಿಂದ ಬೆಟ್ಟದತ್ತ ಏರುವ ಗಾಳಿ, ಹೊತ್ತು ಇಳಿಯುತ್ತಿದ್ದಂತೆ ಧೌಲಾಧಾರ್ ಬೆಟ್ಟಗಳ ತಂಪುಗಾಳಿ ಕೆಳಗೆ ಹರಿಯತೊಡಗಿದಾಗ ತಿರುಗಿಬಿಡಬಹುದು. ಮಧ್ಯಾಹ್ನ ಸರಿಯಾಗಿದ್ದ ದಿಕ್ಕು ಸಂಜೆಗೂ ಸರಿ ಎಂದುಕೊಂಡು ಬಂದವರು, ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಓಡುತ್ತಾ ಮುಗ್ಗರಿಸುತ್ತಾರೆ.

ಇಳಿಯುವ ಸರದಿಯಲ್ಲಿ ಕೆಳಗಿರುವವರಿಗೆ ಮೊದಲ ಹಕ್ಕು. ಇದರಲ್ಲಿ ಹಿರಿಯ–ಕಿರಿಯ ಎಂಬ ಭೇದವಿಲ್ಲ. ಪ್ರಯಾಣಿಕರನ್ನು ಹೊತ್ತ ಟ್ಯಾಂಡಮ್ ಗ್ಲೈಡರ್ ಸಮೀಪದಲ್ಲಿದ್ದರೆ, ನಿಯಮ ಹೇಳದಿದ್ದರೂ ದಾರಿ ಬಿಟ್ಟುಕೊಡುವುದು ಸೌಜನ್ಯ.

ಕೊನೆಯ 100 ಮೀಟರ್

ಹೆಚ್ಚಿನವರು ಕೆಡಿಸಿಕೊಳ್ಳುವುದು ಇಲ್ಲಿ. ಮೈದಾನದ ಬದಿಯಲ್ಲಿ ಗಾಳಿಯ ಜೊತೆ ಸಾಗಿ, ಗಾಳಿ ಹೋಗುವ ಕಡೆಯ ಅಂಚಿನಲ್ಲಿ ಅಡ್ಡಕ್ಕೆ ತಿರುಗಿ, ಕೊನೆಗೆ ಗಾಳಿಗೆ ಎದುರಾಗಿ ನೇರವಾಗಿ ಬರುವುದು ಸರಿಯಾದ ಕ್ರಮ. ಎತ್ತರ ಹೆಚ್ಚಾಗಿದ್ದರೆ ಅದನ್ನು ಆ ಅಡ್ಡ ಹಾದಿಯಲ್ಲೇ ಕಳೆಯಬೇಕು: ಅತ್ತಿತ್ತ ಸಾಗುತ್ತಾ, ಪ್ರತಿ ತಿರುವನ್ನೂ ಮೈದಾನದ ಕಡೆಗೇ ತೆಗೆದುಕೊಳ್ಳಬೇಕು, ಬೆನ್ನು ತೋರಿಸಿ ಪೂರ್ತಿ ಸುತ್ತು ಹಾಕಬಾರದು. ಎಲ್ಲಿ ತಲುಪುತ್ತೇನೆ ಎಂಬುದನ್ನು ಅಳೆಯಲು ಯಾವ ಉಪಕರಣವೂ ಬೇಡ. ಮುಂದಿನ ನೆಲದಲ್ಲಿ ಯಾವ ಜಾಗ ಕಣ್ಣಿಗೆ ಮೇಲಕ್ಕೂ ಸರಿಯದೆ ಕೆಳಕ್ಕೂ ಸರಿಯದೆ ನಿಂತಿದೆಯೋ ಅಲ್ಲಿಗೇ ನೀವು ಮುಟ್ಟುತ್ತೀರಿ. ಮೇಲಕ್ಕೆ ಸರಿಯುವ ಜಾಗವನ್ನು ತಲುಪಲಾರಿರಿ, ಕೆಳಕ್ಕೆ ಸರಿಯುವ ಜಾಗವನ್ನು ದಾಟಿ ಹೋಗುತ್ತೀರಿ.

ಗುರಿ ದಾಟುತ್ತೇನೆ ಎಂಬ ಗಾಬರಿಯಲ್ಲಿ ಬ್ರೇಕ್ ಅನ್ನು, ಅಂದರೆ ರೆಕ್ಕೆಯ ಹಿಂದಿನ ಅಂಚನ್ನು ಕೆಳಗೆಳೆಯುವ ಕೈಹಿಡಿಗಳನ್ನು, ಜಗ್ಗಿ ಹಿಡಿಯುವುದೇ ಅತ್ಯಂತ ಅಪಾಯಕಾರಿ ತಪ್ಪು. ನೆಲದ ಹತ್ತಿರ ಗಾಳಿಯ ವೇಗ ತಾನಾಗಿಯೇ ಕುಗ್ಗುವುದರಿಂದ, ಇಳಿಯುತ್ತಾ ಬರುವ ರೆಕ್ಕೆಗೆ ಎದುರುಗಾಳಿ ಇದ್ದಕ್ಕಿದ್ದಂತೆ ಕಡಿಮೆಯಾಗುತ್ತದೆ. ಮೊದಲೇ ಬ್ರೇಕಿನಿಂದ ನಿಧಾನವಾಗಿದ್ದ ರೆಕ್ಕೆ ಆಗ ಹಾರುವ ಶಕ್ತಿಯನ್ನೇ ಕಳೆದುಕೊಂಡು, ಹತ್ತು ಮೀಟರ್ ಎತ್ತರದಲ್ಲಿ ಪೈಲಟ್‌ನನ್ನು ಕೈಬಿಡುತ್ತದೆ. ಅದಕ್ಕಾಗಿ ಕೊನೆಯ ನೇರ ಹಾದಿಯಲ್ಲಿ ಕೈಗಳು ಮೇಲಿರಲಿ, ರೆಕ್ಕೆ ತನ್ನ ಪೂರ್ಣ ವೇಗದಲ್ಲಿ ಹಾರಲಿ. ಮೂವತ್ತು ಮೀಟರ್‌ಗಿಂತ ಕೆಳಗೆ ದೊಡ್ಡ ತಿರುವು ಬೇಡವೇ ಬೇಡ. ಗಾಳಿಯ ದಿಕ್ಕು ತಪ್ಪಾಗಿದೆ ಎಂದು ಆ ಎತ್ತರದಲ್ಲಿ ಗೊತ್ತಾದರೂ, ಎದುರಿಗೆ ತಡೆಯಿಲ್ಲದಿದ್ದರೆ, ತಿರುಗಲು ಹೋಗಿ ರೆಕ್ಕೆ ವಾಲಿದ ಸ್ಥಿತಿಯಲ್ಲಿ ನೆಲಕ್ಕೆ ಅಪ್ಪಳಿಸುವುದಕ್ಕಿಂತ, ರೆಕ್ಕೆಯನ್ನು ಸಮವಾಗಿಟ್ಟು ಗಾಳಿಯ ಜೊತೆಯೇ ಇಳಿದು ಉರುಳಿಕೊಳ್ಳುವುದು ಮೇಲು.

ಮರದ ಸಾಲಿನ ಹಿಂದೆ, ಅಂದರೆ ಗಾಳಿ ಸಾಗುವ ಕಡೆಗೆ, ಮರದ ಎತ್ತರದ ಹಲವು ಪಟ್ಟು ದೂರದವರೆಗೂ ಗಾಳಿ ಕಲಕಿರುತ್ತದೆ. ವಿಂಡ್‌ಸಾಕ್‌ನ ಬುಡದಲ್ಲೇ ಇಳಿಯಬೇಕೆಂಬ ಹಟವನ್ನು ನಾನು ಯಾರಿಗೂ ಕಲಿಸುವುದಿಲ್ಲ. ಗುರಿ ಯಾವಾಗಲೂ ಮೈದಾನದ ನಡುಭಾಗವೇ ಆಗಿರಲಿ, ಇನ್ನೂರು ಹೆಜ್ಜೆ ನಡೆಯಬೇಕಾದರೆ ನಡೆಯೋಣ. ರೆಕ್ಕೆಯ ಎರಡೂ ತುದಿ ಮಡಚಿ ಬೇಗ ಇಳಿಯುವ ಉಪಾಯವನ್ನೂ ಕೆಲವರು ನೆಲದವರೆಗೆ ಎಳೆದುತರುತ್ತಾರೆ. ಸಾಕಷ್ಟು ಎತ್ತರವಿರುವಾಗಲೇ ತುದಿಗಳನ್ನು ಬಿಡಿಸಿ, ಅವು ಪೂರ್ತಿ ತೆರೆದಿವೆ ಎಂದು ನೋಡಿಕೊಳ್ಳುವುದೇ ಕ್ಷೇಮ.

ಕುಳಿತೇ ಇಳಿಯಬೇಡಿ. ಮೂವತ್ತು ಮೀಟರ್ ಇರುವಾಗಲೇ ಹಾರ್ನೆಸ್‌ನ, ಅಂದರೆ ಪಟ್ಟಿಗಳಿಂದ ಮೈಗೆ ಬಿಗಿದುಕೊಂಡ ಆಸನದ, ಅಂಚಿಗೆ ಜಾರಿ, ಕಾಲು ಕೆಳಬಿಟ್ಟು ಓಡಲು ಸಿದ್ಧರಾಗಿರಿ. ಕುಳಿತವರ ಬೆನ್ನುಮೂಳೆ ಮೊದಲ ಪೆಟ್ಟು ತಿನ್ನುತ್ತದೆ. ಹಾರ್ನೆಸ್ ಅಡಿಯ ಫೋಮ್ ಇದೆಯಲ್ಲ ಎಂಬ ಧೈರ್ಯ ಸಲ್ಲದು, ಅದರಲ್ಲೂ ವರ್ಷಗಟ್ಟಲೆ ಒತ್ತಿ ಚಪ್ಪಟೆಯಾದ ಫೋಮ್ ಇರುವ ಸೆಕೆಂಡ್ ಹ್ಯಾಂಡ್ ಹಾರ್ನೆಸ್‌ಗಳು ಅಗ್ಗವಾಗಿ ಸಿಗುತ್ತವೆಂದು ಕೊಳ್ಳಲೇಬಾರದು. ಕಾಲು ನೆಲದಿಂದ ಒಂದು ಮೀಟರ್ ಎತ್ತರದಲ್ಲಿರುವಾಗ ಎರಡೂ ಬ್ರೇಕ್‌ಗಳನ್ನು ಸಮವಾಗಿ ಪೂರ್ತಿ ಇಳಿಸಿ. ಗಾಳಿ ಜೋರಾಗಿದ್ದರೆ ಸ್ವಲ್ಪವೇ ಸಾಕು, ಇಲ್ಲವಾದರೆ ರೆಕ್ಕೆ ನಿಮ್ಮನ್ನು ಮತ್ತೆ ಎತ್ತಿ ಹಿಂದಕ್ಕೆ ಕೆಡವುತ್ತದೆ.

ಇಳಿದ ಮೇಲೆ

ಇಳಿದ ಕೂಡಲೇ ರೆಕ್ಕೆಯನ್ನು ಮುದುರಿ ಎತ್ತಿಕೊಂಡು ಅಂಚಿಗೆ ಹೋಗಿ, ಅಲ್ಲಿ ಮಡಚಿ. ಮೈದಾನದ ನಡುವೆ ನಿಂತು ಫೋಟೊ ತೆಗೆಸಿಕೊಳ್ಳುವವರು, ಮೇಲೆ ಕಾಯುತ್ತಿರುವವರ ಜಾಗವನ್ನು ಕಿತ್ತುಕೊಂಡಂತೆ. ಹರಡಿಯೇ ಬಿದ್ದಿರುವ ರೆಕ್ಕೆಯನ್ನು ಕಂಡರೆ, ಕೆಳಗೆ ಯಾರಿಗೋ ಸಹಾಯ ಬೇಕಾಗಿದೆ ಎಂದು ಪೈಲಟ್‌ಗಳು ಅರ್ಥಮಾಡಿಕೊಳ್ಳುತ್ತಾರೆ. ಏನೂ ಆಗದಿದ್ದರೂ ಹರಡಿ ಬಿಟ್ಟರೆ ಇನ್ನೊಬ್ಬರ ಹಾರಾಟವನ್ನು ಸುಮ್ಮನೆ ಕೆಡಿಸಿದಂತಾಗುತ್ತದೆ. ದೂರದ ಹೊಲದಲ್ಲಿ ಇಳಿದವರು ‘ಸುರಕ್ಷಿತವಾಗಿ ಇಳಿದಿದ್ದೇನೆ’ ಎಂದು ರೇಡಿಯೊದಲ್ಲಿ ಒಂದು ಮಾತು ಹೇಳಲೇಬೇಕು. ಹೇಳದಿದ್ದರೆ ಕತ್ತಲಾಗುವ ಹೊತ್ತಿಗೆ ಇಡೀ ಕ್ಲಬ್ ನಿಮ್ಮನ್ನು ಹುಡುಕುತ್ತಿರುತ್ತದೆ.

ಹೊಲ ರೈತರದು. ಪೈರಿನ ನಡುವೆ ಇಳಿಯಬೇಕಾಗಿ ಬಂದರೆ ರೆಕ್ಕೆಯನ್ನು ನೆಲದ ಮೇಲೆ ಎಳೆಯದೆ ಗಂಟು ಕಟ್ಟಿ ಹೊತ್ತು, ಹತ್ತಿರದ ಬದುವಿಗೆ ಬಂದು, ಹೊಲದವರನ್ನು ಹುಡುಕಿ ಮಾತನಾಡಿ, ಹಾಳಾದ ಪೈರಿಗೆ ಅವರು ಹೇಳಿದ್ದನ್ನು ಕೊಟ್ಟು ಬನ್ನಿ. ಒಬ್ಬರು ಹೇಳದೆ ಓಡಿಹೋದರೆ ಆ ಊರಿನ ಬಾಗಿಲು ಎಲ್ಲ ಪೈಲಟ್‌ಗಳಿಗೂ ಮುಚ್ಚುತ್ತದೆ.

ಯಾರಾದರೂ ಕೆಟ್ಟದಾಗಿ ಬಿದ್ದರೆ, ಮೊದಲು ಓಡಿಹೋಗಿ ರೆಕ್ಕೆ ಮತ್ತೆ ಗಾಳಿ ತುಂಬಿ ಎಳೆಯದಂತೆ ಅದನ್ನು ಹಿಡಿಯಿರಿ. ಬಿದ್ದವರನ್ನು ಕೂರಿಸಬೇಡಿ, ಹೆಲ್ಮೆಟ್ ತೆಗೆಯಬೇಡಿ, ಮೊಬೈಲ್‌ನಲ್ಲಿ ಚಿತ್ರೀಕರಿಸಬೇಡಿ. ತಪ್ಪು ತಿದ್ದುವ ಮಾತು ಸಂಜೆ ಒಬ್ಬರೇ ಸಿಕ್ಕಾಗ ಆಡಿ. ಜೋರಾಗಿ ಕೂತು ಬಿದ್ದವರು ಎದ್ದು ನಡೆದಾಡಿದರೂ ಬೆನ್ನಿನ ಎಕ್ಸ್‌ರೇ ತೆಗೆಸಲೇಬೇಕು. ಮುಂದಿನ ಹಾರಾಟಕ್ಕೆ ಮುನ್ನ ಹಾರ್ನೆಸ್‌ನ ಫೋಮನ್ನೂ ಗ್ಲೈಡರ್‌ನ ದಾರಗಳನ್ನೂ ಬೋಧಕರ ಮುಂದೆ ಬಿಚ್ಚಿಟ್ಟು ಪರೀಕ್ಷಿಸಬೇಕು.