ಫೋಟೋ ಒಬ್ಬರದು, ಜಾತಕ ಇನ್ನೊಬ್ಬರದು

ಮಳೆಗಾಲ ಮುಗಿದು ಕಾಳಿ ನದಿಯ ಕೆಂಪು ನೀರು ತಿಳಿಯಾಗುವ ಹೊತ್ತಿಗೆ ನಾನು ಕಾರವಾರದ ಬೈತಖೋಲದಲ್ಲಿ ದೋಣಿ ಹತ್ತುತ್ತಿದ್ದೆ. 20 ಮೈಕ್ರಾನ್ (ಸಾವಿರ ಮೈಕ್ರಾನ್ ಅಂದರೆ ಒಂದು ಮಿಲಿಮೀಟರ್) ಕಣ್ಣಿನ ಬಲೆಯನ್ನು ಐದು ನಿಮಿಷ ಎಳೆದರೆ ಬಾಟಲಿಯ ತಳದಲ್ಲಿ ಚಹಾ ಬಣ್ಣದ ಗಷ್ಟು. "ಇದಕ್ಕೆ ಯಾವ ಮೀನು ಬೀಳ್ತದೆ ತಂಗಿ?" ಅಂತ ದೋಣಿಯ ಅಣ್ಣ ಪ್ರತಿ ಸಲ ನಗುತ್ತಿದ್ದರು.

ನನಗೆ ಬೇಕಿದ್ದದ್ದು ಸೂಡೋ-ನಿಟ್ಶಿಯಾ. ಸೂಜಿಯಂಥ ಡಯಾಟಂ, ಅಂದರೆ ಗಾಜಿನ ಚಿಪ್ಪಿರುವ ಒಂಟಿ ಜೀವಕೋಶದ ಪಾಚಿ. ತುದಿಗೆ ತುದಿ ತಾಗಿಸಿ ಸರಪಳಿ ಕಟ್ಟುತ್ತದೆ. ಇದರ ಕೆಲವು ಜಾತಿಗಳು ಡೊಮೊಯಿಕ್ ಆಮ್ಲ ಎಂಬ ವಿಷ ತಯಾರಿಸುತ್ತವೆ. 1987ರಲ್ಲಿ ಇಂಥ ಡಯಾಟಂ ತಿಂದಿದ್ದ, ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದ ಚಿಪ್ಪುಮೀನು ತಿಂದು ನೂರಕ್ಕೂ ಹೆಚ್ಚು ಜನರಿಗೆ ಕಾಯಿಲೆಯಾಯಿತು. ಕೆಲವರ ನೆನಪಿನ ಶಕ್ತಿಯೇ ಹೋಯಿತು. ಅಲ್ಲಿ ಸಿಕ್ಕ ಜಾತಿಗೆ ಈಗ ಮಲ್ಟಿಸೀರೀಸ್ ಎಂದು ಹೆಸರು. ಆಗ ಅದನ್ನು ಪಂಜೆನ್ಸ್ ಜಾತಿಯದೇ ಒಂದು ರೂಪ ಎಂದು ಎಣಿಸುತ್ತಿದ್ದರು. ಅಷ್ಟು ಹೋಲಿಕೆ.

ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಅಗಲ ಅಳೆದೆ. 3 ಮೈಕ್ರಾನ್‌ಗಿಂತ ಜಾಸ್ತಿ. ದಪ್ಪ ಗುಂಪಿನದು ಅಂತಾಯಿತು, ಅಷ್ಟೇ. ಚಿಪ್ಪಿನ ಮೇಲಿನ ಗೀರು ಎಣಿಸಿದರೆ 10 ಮೈಕ್ರಾನಿಗೆ 12. ಈ ಲೆಕ್ಕ ಎರಡೂ ಜಾತಿಗೆ ಒಪ್ಪುತ್ತದೆ! ಪ್ರತಿ ಗೀರಿನೊಳಗಿನ ತೂತುಗಳನ್ನೇ ನೋಡಬೇಕು: ಪಂಜೆನ್ಸ್‌ಗೆ ಎರಡು ಸಾಲು, ಮಲ್ಟಿಸೀರೀಸ್‌ಗೆ ಮೂರ್ನಾಲ್ಕು. ಅದಕ್ಕೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಆಗಬೇಕು. ಆಮ್ಲ ಹಾಕಿ ಜೀವಕೋಶ ಸುಟ್ಟು, ಗಾಜಿನ ಚಿಪ್ಪನ್ನಷ್ಟೇ ಉಳಿಸಿಕೊಂಡು ಬೇರೆ ಊರಿಗೆ ಒಯ್ದೆ. ಮೊದಲ ಸಲ ಸರಿಯಾಗಿ ತೊಳೆದಿರಲಿಲ್ಲ. ಪರದೆ ತುಂಬ ಉಪ್ಪಿನ ಹರಳು. ಬಸ್ ಚಾರ್ಜು ಸುಮ್ನೆ ಹೋಯಿತು. ಎರಡನೇ ಸಲ ಎರಡೇ ಸಾಲು ಕಂಡಿತು, ಪಂಜೆನ್ಸ್.

ಇತ್ತ ಒಂದು ಸರಪಳಿಯನ್ನು ಸಪೂರ ಗಾಜಿನ ನಳಿಗೆಯಲ್ಲಿ ಎತ್ತಿ, ಹನಿಯಿಂದ ಹನಿಗೆ ದಾಟಿಸಿ ತೊಳೆದು ಬೆಳೆಸಿದ್ದೆ. ಅದರ ಡಿಎನ್‌ಎಯಿಂದ ಐಟಿಎಸ್ ಭಾಗವನ್ನು (ಜಾತಿ ಗುರುತಿಸಲು ಬಳಸುವ ತುಣುಕು) ಓದಿಸಿದರೆ ಬಂದದ್ದು ಬೇರೆಯೇ ಒಂದು ತೆಳು ಜಾತಿ. ಎರಡು ದಿನ ತಲೆ ಕೆಟ್ಟಿತು. ಆಮೇಲೆ ಹೊಳೆಯಿತು: ನಾನು ಫೋಟೋ ತೆಗೆದದ್ದು ಬಲೆಯ ಗಷ್ಟಿನಿಂದ, ಡಿಎನ್‌ಎ ತೆಗೆದದ್ದು ಬೆಳೆಸಿದ ಟ್ಯೂಬಿನಿಂದ. ಆ ಹನಿಯಲ್ಲಿ ನನ್ನ ಕಣ್ಣು ತಪ್ಪಿಸಿ ನುಸುಳಿದ ಸಣ್ಣದೊಂದು ದಪ್ಪದ್ದನ್ನು ಹಿಂದೆ ಹಾಕಿ ಬೆಳೆದಿತ್ತು. ಮದುವೆಗೆ ಫೋಟೋ ಒಬ್ಬರದು, ಜಾತಕ ಇನ್ನೊಬ್ಬರದು ಕೊಟ್ಟ ಹಾಗೆ.

ಮತ್ತೆ ಮೊದಲಿಂದ ಶುರು. ಈ ಸಲ ಪ್ರತಿ ಟ್ಯೂಬಿಗೂ ನಂಬರ್. ಅದೇ ಟ್ಯೂಬಿನ ಒಂದು ಪಾಲು ಆಮ್ಲಕ್ಕೆ, ಒಂದು ಪಾಲು ಡಿಎನ್‌ಎಗೆ. ಎರಡೂ ಪಂಜೆನ್ಸ್ ಅಂದವು. ಎಲ್ಲರೂ ಓದಿಸಿದ ಡಿಎನ್‌ಎ ಕೂಡಿಡುವ ಜೀನ್‌ಬ್ಯಾಂಕಿನಲ್ಲಿ ಹೋಲಿಸುವಾಗಲೂ ಮೇಲೆ ಬಂದ ಹೆಸರನ್ನು ಕಣ್ಣು ಮುಚ್ಚಿ ನಂಬಲಿಲ್ಲ. ಅಲ್ಲಿ ಹೆಸರು ಬರೆದವರೂ ನಮ್ಮಂಥವರೇ ಅಲ್ವಾ? ಚಿಪ್ಪಿನ ಚಿತ್ರವನ್ನೂ ಪ್ರಕಟಿಸಿದವರ ದಾಖಲೆಗೇ ನನ್ನ ವೋಟು.

ಮೂರನೇ ಪಾಲನ್ನು ವಿಷದ ಪರೀಕ್ಷೆಗೆ ಫ್ರೀಜರ್‌ನಲ್ಲಿ ಇಟ್ಟೆ. ಪಂಜೆನ್ಸ್ ಹೆಚ್ಚಾಗಿ ನಿರಪಾಯ, ಆದರೆ ಅದರಲ್ಲೂ ಕೆಲವು ತಳಿಗಳು ವಿಷ ಮಾಡಿದ್ದುಂಟು.

"ಹಂಗಾದ್ರೆ ಬಳಚು ತಿನ್ಬಹುದಾ?" ದೋಣಿಯ ಅಣ್ಣನ ಪ್ರಶ್ನೆ. ಬಳಚು ಅಂದರೆ ನಮ್ಮ ಕಡೆಯ ಚಿಪ್ಪುಮೀನು. ಅದನ್ನು ಹೇಳಬೇಕಾದರೆ ಬಳಚನ್ನೇ ಪರೀಕ್ಷೆ ಮಾಡಬೇಕು ಅಂದೆ. ಬೇಯಿಸಿದರೆ ಹೋಗ್ತದಲ್ವಾ ಅಂದರು. ಈ ವಿಷ ಬೇಯಿಸಿದರೂ ಹೋಗುವುದಿಲ್ಲ.