ಆನೆ ಸದ್ದೂ ಕೇಳಬೇಕು, ಸಾವ್ಕಾರ್ರಿಗೂ ಕೇಳಿಸಬೇಕು

ಸಕಲೇಶಪುರ ಕಡೆಯ ಒಂದು ಕಾಫಿ ತೋಟದಲ್ಲಿ ನಾನು ರೈಟರ್, ಅಂದರೆ ಲೆಕ್ಕ ಬರೆಯುವವನು. ಸಾವ್ಕಾರ್ರು ಇರುವುದು ಬೆಂಗಳೂರಿನಲ್ಲಿ. ಬೆಳಿಗ್ಗೆ ಆಳಿನ ಲೆಕ್ಕ, ಸಂಜೆ ಹಣ್ಣಿನ ತೂಕ, ನಡುವೆ ಲಾರಿಯವರು, ಗೊಬ್ಬರದ ಅಂಗಡಿಯವರು. ಕುಯ್ಲಿನ ಕಾಲದಲ್ಲಿ ದಿನಕ್ಕೆ ಮೂವತ್ತು ಕಾಲ್‌ಗೆ ಕಡಿಮೆಯಿಲ್ಲ. ಒಂದು ಕೈಯಲ್ಲಿ ಆಳುಗಳ ಹಾಜರಿ ಬರೆಯುವ ಚೆಕ್‌ರೋಲ್, ಇನ್ನೊಂದರಲ್ಲಿ ಕೊಡೆ. ಫೋನ್ ಹಿಡಿಯಲು ಮೂರನೇ ಕೈ ಎಲ್ಲಿಂದ ತರಲಿ? ಹಾಗಾಗಿ ಎರಡು ವರ್ಷದಲ್ಲಿ ಮೂರು ಬಗೆಯ ಬ್ಲೂಟೂತ್ ಕೊಂಡೆ: ಬಡ್ಸ್, ನೆಕ್‌ಬ್ಯಾಂಡ್, ಕಿವಿ ಪೂರ್ತಿ ಮುಚ್ಚುವ ದೊಡ್ಡ ಹೆಡ್‌ಫೋನ್.

ಮೊದಲು ತಂದದ್ದು ಬಡ್ಸ್. ಹಾಸನದ ಅಂಗಡಿ ಹುಡುಗ, 'ಅಣ್ಣ, ಇದ್ರಲ್ಲಿ ನಾಯ್ಸ್ ಕ್ಯಾನ್ಸಲೇಷನ್ ಇದೆ, ತಗೊಳ್ಳಿ' ಅಂದ. ಡಿಸೆಂಬರ್, ಅರೇಬಿಕಾ ಹಣ್ಣಿನ ಸುಗ್ಗಿ. ಸಂಜೆ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಓಡುತ್ತಿದ್ದಾಗ ಸಾವ್ಕಾರ್ರ ಕಾಲ್ ಬಂತು. ಅವರ ಮಾತು ನನಗೆ ಪಕ್ಕದಲ್ಲೇ ನಿಂತು ಆಡಿದಷ್ಟು ಸ್ಪಷ್ಟ. ಅವರಿಗೆ ಮಾತ್ರ, 'ಏನ್ ಮಾರಾಯ, ಪಲ್ಪರ್ ಒಳಗೆ ತಲೆ ಇಟ್ಕೊಂಡ್ ಮಾತಾಡ್ತಿದ್ದೀಯ?'

ಆಮೇಲೆ ತಿಳಿಯಿತು, ಡಬ್ಬದ ಮೇಲಿನ ಎಎನ್‌ಸಿ (ಆ್ಯಕ್ಟಿವ್ ನಾಯ್ಸ್ ಕ್ಯಾನ್ಸಲೇಷನ್) ಇರುವುದು ನಮ್ಮ ಕಿವಿಗೆ. ಇಂಜಿನ್ನಿನಂತೆ ಒಂದೇ ಸಮನೆ ಬರುವ ತಗ್ಗು ಸದ್ದಿಗೆ ಎದುರು ಸದ್ದು ಹುಟ್ಟಿಸಿ ಅಡಗಿಸುತ್ತದೆ. ಆ ಕಡೆಯವರಿಗೆ ನಮ್ಮ ಸುತ್ತಲಿನ ಗಲಾಟೆ ಹೋಗದಂತೆ ಮೈಕಿನ ಹತ್ತಿರ ಸೋಸುವುದು ಇಎನ್‌ಸಿ, ಅದರ ಕೆಲಸವೇ ಬೇರೆ. ಅಂಗಡಿಯಲ್ಲಿ ಎರಡನ್ನೂ ಒಂದೇ ಹೆಸರಿನಲ್ಲಿ ಮಾರುತ್ತಾರೆ.

ಇನ್ನೊಂದು ಬೇಸರ ಇತ್ತು. ಹಾಡು ಅಷ್ಟು ಚೆನ್ನಾಗಿ ಕೇಳುತ್ತಿದ್ದದ್ದು, ಕಾಲ್ ಬಂದ ಕೂಡಲೇ ಹಳೇ ರೇಡಿಯೊದಂತೆ ಆಗುತ್ತಿತ್ತು. ಬಡ್ಸ್ ಕೆಟ್ಟಿದೆ ಅಂದುಕೊಂಡಿದ್ದೆ, ಕೆಟ್ಟಿರಲಿಲ್ಲ. ಸಂಗೀತಕ್ಕೆ ಬ್ಲೂಟೂತ್ ಬಳಸುವುದು ಎ2ಡಿಪಿ ಅನ್ನುವ ದಾರಿ. ಅದು ಸ್ಟೀರಿಯೊ, ಆದರೆ ಫೋನಿನಿಂದ ಕಿವಿಗೆ ಮಾತ್ರ. ಮೈಕ್ ಬೇಕಾದ ಕೂಡಲೇ ಅದನ್ನು ಬಿಟ್ಟು ಎಚ್‌ಎಫ್‌ಪಿ ಅನ್ನುವ ಇನ್ನೊಂದು ದಾರಿ ಹಿಡಿಯುತ್ತದೆ. ಅಲ್ಲಿ ಸ್ಟೀರಿಯೊ ಇಲ್ಲ. ಧ್ವನಿಯನ್ನು ಸಾಮಾನ್ಯವಾಗಿ ಸೆಕೆಂಡಿಗೆ 8,000 ಸಲ, ಸ್ವಲ್ಪ ಹೊಸದಾದರೆ 16,000 ಸಲ ಅಳೆದು ಕಳಿಸುತ್ತದೆ, ಅಷ್ಟೇ. ಹಾಡನ್ನು ಇನ್ನೂ ಚೆನ್ನಾಗಿ ಕಳಿಸುವ ಎಲ್‌ಡಿಎಸಿ ಇದೆ, ಸೆಕೆಂಡಿಗೆ 990 ಕಿಲೋಬಿಟ್ ಎಂದು ದುಡ್ಡು ಹೆಚ್ಚು ಕೇಳಿದರೆ ಅದು ಹಾಡಿಗೆ ಮಾತ್ರ; ಸಾವ್ಕಾರ್ರ ಜೊತೆ ಮಾತಾಡಲು ಬಿಡಿಗಾಸಿನ ಉಪಯೋಗವಿಲ್ಲ.

ಮೂರೂ ಕೈಸೇರಿದ ಮೇಲೆ ಒಂದು ಪರೀಕ್ಷೆ ಮಾಡಿದೆ. ಪಲ್ಪರಿನಿಂದ ಹತ್ತು ಹೆಜ್ಜೆ ದೂರ ನಿಂತು ಮನೆಗೆ ಫೋನ್ ಮಾಡಿ ಒಟ್ಟು ಇಪ್ಪತ್ತು ಸಂಖ್ಯೆ ಹೇಳುವುದು, ಹೆಂಡತಿ ಕೇಳಿದ ಹಾಗೆ ಬರೆದುಕೊಳ್ಳುವುದು. ಬಡ್ಸ್‌ನಲ್ಲಿ 11 ಸರಿ, ದೊಡ್ಡ ಹೆಡ್‌ಫೋನಿನಲ್ಲಿ 14, ನೆಕ್‌ಬ್ಯಾಂಡಿನಲ್ಲಿ 18. ಇಪ್ಪತ್ತು ಎಪ್ಪತ್ತಾಗುತ್ತಿತ್ತು, ಎಪ್ಪತ್ತು ಇಪ್ಪತ್ತಾಗುತ್ತಿತ್ತು. ಮೂಟೆ ಲೆಕ್ಕದಲ್ಲಿ ಹೀಗಾದರೆ ಕೆಲಸ ಉಳಿಯುತ್ತದೆಯೇ? ಮೂರರಲ್ಲೂ ಅಗ್ಗದ್ದು ನೆಕ್‌ಬ್ಯಾಂಡೇ. ನನ್ನದರಲ್ಲಿ ಮೈಕ್ ಬಾಯಿಯ ಕೆಳಗೇ, ಕತ್ತಿನ ಹತ್ತಿರ ಇದೆ. ಬಡ್ಸ್‌ನ ಮೈಕ್ ಕಿವಿಯಲ್ಲಿ ಕೂತು ದೂರದಿಂದ ಹೆಕ್ಕಬೇಕು. ನೆಕ್‌ಬ್ಯಾಂಡಿಗೂ ಒಂದು ಕಾಟವಿದೆ, ರೈನ್‌ಕೋಟಿನ ಕಾಲರಿಗೆ ಉಜ್ಜಿದರೆ ಆ ಕಡೆ ಕರಕರ ಅನ್ನುತ್ತದೆ. ನಾನು ಕಾಲರ್ ಒಳಕ್ಕೆ ಮಡಚುತ್ತೇನೆ.

ತೋಟದಲ್ಲಿ ನಡೆಯುವಾಗ ಸದ್ದು ಕಡಿದು ಕಡಿದು ಬರುತ್ತಿದ್ದರೆ ಫೋನನ್ನು ಪ್ಯಾಂಟಿನ ಹಿಂದಿನ ಜೇಬಿನಿಂದ ಅಂಗಿಯ ಜೇಬಿಗೆ ಹಾಕಿ ನೋಡಿ. ಬ್ಲೂಟೂತ್ ಓಡುವುದು 2.4 ಗಿಗಾಹರ್ಟ್ಸ್‌ನಲ್ಲಿ, ಮೈಯಲ್ಲಿರುವ ನೀರು ಅದನ್ನು ಹೀರಿಬಿಡುತ್ತದೆ. ಮನೆಯೊಳಗಾದರೆ ಗೋಡೆಗೆ ತಾಗಿ ಸುತ್ತಿಕೊಂಡಾದರೂ ಕಿವಿಗೆ ಬರುತ್ತದೆ, ಬಯಲಿನಲ್ಲಿ ಆ ಅನುಕೂಲವಿಲ್ಲ.

ನೀರು ಎಷ್ಟು ತಡೆಯುತ್ತದೆ ಎಂಬುದಕ್ಕೆ ಡಬ್ಬದ ಮೇಲೆ ಐಪಿಎಕ್ಸ್ ಎಂಬ ಗುರುತು ಇರುತ್ತದೆ. ಮಳೆಗೆ ಐಪಿಎಕ್ಸ್4 ಇದ್ದರೆ ಸಿಡಿಯುವ ಹನಿಗೆ ಸಾಕು. ನಮ್ಮ ಜುಲೈ ಮಳೆಗೆ ಐಪಿಎಕ್ಸ್5 ಇರಲಿ.

ಬಡ್ಸ್ ಕಥೆ ಮುಗಿದದ್ದು ಕಣದಲ್ಲಿ. ರೊಬಸ್ಟಾ ಚೆರಿ ಹರವಿದ್ದರು, ಬಗ್ಗಿ ಒಂದು ಹಿಡಿ ಎತ್ತಿ ಒಣಗಿದೆಯೇ ನೋಡುತ್ತಿದ್ದಾಗ ಎಡಗಿವಿಯದು ಜಾರಿ ಬಿತ್ತು. ಬಡ್ ಕಪ್ಪು, ಒಣಗಿದ ಚೆರಿಯೂ ಕಪ್ಪು, ಗಾತ್ರದಲ್ಲೂ ಹೆಚ್ಚು ವ್ಯತ್ಯಾಸವಿಲ್ಲ. ನಾಲ್ಕು ಆಳು ಅರ್ಧ ಗಂಟೆ ಕೆದಕಿದರು. ಸಿಗಲಿಲ್ಲ. ಮೂಟೆ ಸೇರಿ, ಚೆರಿಯಿಂದ ಬೀಜ ಬಿಡಿಸುವ ಕ್ಯೂರಿಂಗ್‌ಗೆ ಹೋಗಿರಬೇಕು.

ದೊಡ್ಡ ಹೆಡ್‌ಫೋನ್ ಹೊರಗೆ ಹಾಕುವುದನ್ನು ಬಿಟ್ಟದ್ದಕ್ಕೆ ಕಾರಣ ಬೇರೆ. ಆನೆ ಎಲ್ಲಿದೆ ಎಂಬ ಸುದ್ದಿ ನಮಗೆ ವಾಟ್ಸಾಪಿನಲ್ಲಿ ಬರುತ್ತದೆ, ಆದರೆ ಆನೆ ವಾಟ್ಸಾಪ್ ನೋಡಿಕೊಂಡು ನಡೆಯುವುದಿಲ್ಲವಲ್ಲ. ಒಂದು ಸಂಜೆ ಎಎನ್‌ಸಿ ಹಾಕಿಕೊಂಡು ತಾಳಮದ್ದಳೆ ಕೇಳುತ್ತಾ ಗೇಟಿನ ಕಡೆ ಹೊರಟಿದ್ದೆ. ವಾಚ್‌ಮನ್ ಹಿಂದಿನಿಂದ ಓಡಿಬಂದು ಭುಜ ಹಿಡಿದು ಎಳೆದ. ಕೂಗಿ ಕೂಗಿ ಅವನ ಗಂಟಲು ಕಟ್ಟಿತ್ತಂತೆ. ತಿರುವಿನ ಆಚೆ ಹಲಸಿನ ಕೊಂಬೆ ಮುರಿಯುತ್ತಿದ್ದ ಸದ್ದು ನನಗೆ ಕೇಳಿಸಿದ್ದು ಹೆಡ್‌ಫೋನ್ ತೆಗೆದ ಮೇಲೆ.

ಅಂದಿನಿಂದ ತೋಟದಲ್ಲಿ ಒಂದೇ ಕಿವಿ. ನೆಕ್‌ಬ್ಯಾಂಡಿನ ಒಂದು ತುದಿ ಕಿವಿಯಲ್ಲಿ, ಇನ್ನೊಂದು ಎದೆಯ ಮೇಲೆ ನೇತಾಡುತ್ತಿರುತ್ತದೆ. ಕಾಲ್ ಹೇಗೂ ಸ್ಟೀರಿಯೊ ಅಲ್ಲ, ಒಂದು ಕಿವಿ ಬಿಟ್ಟರೆ ಏನೂ ನಷ್ಟವಿಲ್ಲ. ಹೆಡ್‌ಫೋನ್ ರಾತ್ರಿ ಚೆಕ್‌ರೋಲ್ ಬರೆಯುವಾಗಿನ ಸಂಗಾತಿ. ಚಂಡೆಯ ಪೆಟ್ಟು, ಮದ್ದಳೆಯ ಗುಂಕಾರ ಬೇರೆ ಬೇರೆಯಾಗಿ ಕೇಳುವುದು ಅದರಲ್ಲಿ ಮಾತ್ರ. ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಹೋದರೂ ವೈರ್ ಚುಚ್ಚಿಕೊಂಡು ಕೇಳಬಹುದು, ಕೊಳ್ಳುವಾಗ 3.5 ಮಿಲಿಮೀಟರ್ ತೂತು ಇದೆಯೇ ನೋಡಿಕೊಳ್ಳಿ.

ಇಷ್ಟಾದರೂ ಪಲ್ಪರ್ ಓಡುತ್ತಿದ್ದರೆ ನಾನು ಇಪ್ಪತ್ತು ಅನ್ನುವುದಿಲ್ಲ. 'ಎರಡು, ಸೊನ್ನೆ ಸಾವ್ಕಾರ್ರೇ' ಅನ್ನುತ್ತೇನೆ.