ಟಿಪ್ಸ್ ಮಾಡಿಸುವ ಮುನ್ನ ಮಿದುಳಿನ ಲೆಕ್ಕ ಹಾಕುವುದು ಹೇಗೆ?

ಟಿಪ್ಸ್ (ಗಟ್ಟಿಯಾದ ಲಿವರ್ ಒಳಗೆ ರಕ್ತಕ್ಕೆ ಅಡ್ಡದಾರಿ ಮಾಡುವ ಚಿಕಿತ್ಸೆ) ಆಗಿ ಮೂರು ವಾರಕ್ಕೆ ರೋಗಿಯನ್ನು ಕರೆತಂದವರೆಲ್ಲ ಹೇಳುವುದು ಒಂದೇ ಮಾತು: ‘ಇದ್ದಕ್ಕಿದ್ದಂತೆ ಹೀಗಾಯಿತು ಡಾಕ್ಟರೇ.’ ಕೆದಕಿ ಕೇಳಿದರೆ ವಾರದಿಂದ ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ಎಚ್ಚರ. ನಾಲ್ಕು ದಿನದಿಂದ ಮಲ ಹೋಗಿಲ್ಲ. ಮೊನ್ನೆ ಅಂಗಿಯ ಗುಂಡಿಗಳನ್ನು ಒಂದು ತೂತು ಬಿಟ್ಟು ಹಾಕಿಕೊಂಡಿದ್ದರಂತೆ, ಮನೆಯವರು ನಕ್ಕು ಸರಿಪಡಿಸಿದ್ದರಂತೆ.

ಸಿರೋಸಿಸ್‌ನಲ್ಲಿ ಲಿವರ್ ಗಟ್ಟಿಯಾಗಿ ಕರುಳಿನಿಂದ ಬರುವ ರಕ್ತಕ್ಕೆ ದಾರಿ ಸಿಗುವುದಿಲ್ಲ. ಒತ್ತಡ ಏರಿ ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಅನ್ನನಾಳದ ಉಬ್ಬಿದ ನಾಳಗಳು ಒಡೆದು ರಕ್ತವಾಂತಿಯಾಗುತ್ತದೆ. ಟಿಪ್ಸ್ ಎಂದರೆ ಕುತ್ತಿಗೆಯ ನಾಳದಿಂದ ಒಳಹೋಗಿ, ಲಿವರ್‌ನೊಳಗೇ ಸ್ಟೆಂಟ್ ಕೂರಿಸಿ ಆ ರಕ್ತಕ್ಕೆ ಅಡ್ಡದಾರಿ ಮಾಡಿಕೊಡುವುದು. ಒತ್ತಡ ಇಳಿಯುತ್ತದೆ. ಆದರೆ ಕರುಳಿನಿಂದ ಬರುವ, ಲಿವರ್ ಸೋಸಬೇಕಿದ್ದ ಅಮೋನಿಯಾ ಎಂಬ ವಿಷ ಸೋಸದೆಯೇ ಮಿದುಳಿಗೆ ಹೋಗುತ್ತದೆ. ಮೊದಲ ವರ್ಷದಲ್ಲಿ ಮೂರನೇ ಒಂದರಿಂದ ಅರ್ಧದಷ್ಟು ರೋಗಿಗಳಿಗೆ ಮಂಪರು, ಗೊಂದಲ ಕಾಣಿಸಿಕೊಳ್ಳಬಹುದು. ಹೆಚ್ಚಿನವು ಮೊದಲ ಮೂರು ತಿಂಗಳಲ್ಲೇ. ಯಾರಿಗೆ ಬರಬಹುದು ಎಂಬುದನ್ನು ಸಾಕಷ್ಟು ಮಟ್ಟಿಗೆ ಮೊದಲೇ ಊಹಿಸಬಹುದು.

ಹಂತ 1: ಕಡತ ನೋಡಿ. ವಯಸ್ಸು 65 ದಾಟಿದೆಯೇ, ಹಿಂದೆ ಒಮ್ಮೆ ಹೀಗೆ ಮಂಪರು ಬಂದಿತ್ತೇ, ಬಿಲಿರುಬಿನ್ (ಕಾಮಾಲೆಯ ಅಂಕಿ) 3ಕ್ಕಿಂತ ಹೆಚ್ಚೇ, ಕ್ರಿಯಾಟಿನಿನ್ (ಮೂತ್ರಪಿಂಡದ ಅಂಕಿ) ಏರಿದೆಯೇ, ರಕ್ತದ ಸೋಡಿಯಂ ಇಳಿದಿದೆಯೇ? ‘ಹೌದು’ಗಳು ಹೆಚ್ಚಿದಷ್ಟೂ ಅಪಾಯ ಹೆಚ್ಚು.

ಹಂತ 2: ತೊಡೆ ನೋಡಿ, ತೂಕ ನೋಡಬೇಡಿ. ಲಿವರ್ ಸೋತಾಗ ಅಮೋನಿಯಾವನ್ನು ಅಷ್ಟಿಷ್ಟು ನಿಭಾಯಿಸುವುದು ಸ್ನಾಯು. ಹೊಟ್ಟೆಯಲ್ಲಿ ನೀರಿದ್ದರೆ ತೂಕದ ಯಂತ್ರ ಸುಳ್ಳು ಹೇಳುತ್ತದೆ. ಕೆನ್ನೆಯ ಮೇಲ್ಭಾಗ ಗುಳಿಬಿದ್ದು, ತೊಡೆ ಕಡ್ಡಿಯಾಗಿದ್ದರೆ ವೈದ್ಯರ ಗಮನಕ್ಕೆ ತನ್ನಿ. ಹೇಗೂ ತೆಗೆಯುವ ಸಿ.ಟಿ. ಸ್ಕ್ಯಾನ್‌ನಲ್ಲಿಯೇ ಸ್ನಾಯುವಿನ ಅಳತೆ ಸಿಗುತ್ತದೆ.

ಹಂತ 3: ಪ್ರಾಣಿಗಳ ಹೆಸರು ಹೇಳಿಸಿ. ಎಲ್ಲರೂ ಎಡವುವುದು ಇಲ್ಲಿ. ಪರೀಕ್ಷೆ ಸರಳ: ಒಂದು ನಿಮಿಷದಲ್ಲಿ ರೋಗಿ ಎಷ್ಟು ಪ್ರಾಣಿಗಳ ಹೆಸರು ಹೇಳುತ್ತಾರೆ ಎಂದು ಎಣಿಸುವುದು. 10ಕ್ಕಿಂತ ಕಡಿಮೆಯಾದರೆ ಮಿದುಳು ಈಗಾಗಲೇ ತಡವರಿಸುತ್ತಿದೆ. 10ರಿಂದ 15 ಇದ್ದರೆ ಅನುಮಾನ. ಶಾಲೆ ಕಡಿಮೆ ಓದಿದವರಿಗೂ ತೀರಾ ವಯಸ್ಸಾದವರಿಗೂ ಒಂದಿಷ್ಟು ರಿಯಾಯಿತಿ ಕೊಡಬೇಕು.

ರೋಗಿಯ ಮನೆಮಾತಿನಲ್ಲೇ ಹೇಳಿಸಿ. ತುಳು ಮಾತನಾಡುವವರಿಂದ ಕನ್ನಡದಲ್ಲಿ ಹೇಳಿಸಿದರೆ ನೀವು ಅಳೆಯುವುದು ಮಿದುಳನ್ನಲ್ಲ, ಭಾಷೆಯನ್ನು. ಬೆಳಿಗ್ಗೆ ತಿಂಡಿಯಾದ ಮೇಲೆ, ಟಿ.ವಿ. ಆರಿಸಿ ಮಾಡಿ. ಮೊಬೈಲ್‌ನ ಗಡಿಯಾರ ಬಳಸಿ, ಬಾಯಲ್ಲಿ ಎಣಿಸಬೇಡಿ. ನಾನು ಕಂಡ ಒಬ್ಬ ಹಿರಿಯರು ‘ನಾಯಿ, ಬೆಕ್ಕು, ಎಮ್ಮೆ, ಮೇಕೆ’ ಎಂದು ನಿಂತರು. ಮತ್ತೆ ‘ನಾಯಿ’ ಎಂದರು. ಇಪ್ಪತ್ತು ಸೆಕೆಂಡು ಚಾವಣಿ ನೋಡಿದರು. ಪಕ್ಕದಲ್ಲಿದ್ದ ಮಗ ತಡೆಯಲಾಗದೆ ‘ದಸರಾ ಅಪ್ಪಾ, ದಸರಾ!’ ಎಂದ. ‘ಆನೆ’ ಬಂತು, ಹಿಂದೆಯೇ ಕುದುರೆ, ಒಂಟೆ. ಆ ಪರೀಕ್ಷೆ ಅಲ್ಲಿಗೆ ಕೆಟ್ಟಿತು. ಸುಳಿವು ಕೊಡುವ ಮಕ್ಕಳನ್ನು ಹೊರಗೆ ಕಳುಹಿಸಿ. ಎರಡನೇ ಸಲ ಬಂದ ‘ನಾಯಿ’ಯನ್ನು ಎಣಿಸಬೇಡಿ. ಹಸು, ಎತ್ತು, ಕರುಗಳನ್ನು ಒಂದಾಗಿ ಹಿಡಿಯುತ್ತೀರೋ ಮೂರಾಗಿಯೋ ಮೊದಲೇ ತೀರ್ಮಾನಿಸಿ, ಪ್ರತಿ ಸಲವೂ ಹಾಗೆಯೇ ಎಣಿಸಿ.

ಎಲ್ಲಕ್ಕಿಂತ ಮುಖ್ಯವಾಗಿ, ಇದನ್ನು ಟಿಪ್ಸ್‌ಗೆ ಮೊದಲೇ ಬೇರೆ ಬೇರೆ ದಿನ ಎರಡು ಸಲ ಮಾಡಿ ಒಂದು ಪುಸ್ತಕದಲ್ಲಿ ಬರೆದಿಡಿ. ಮೊದಲಿನ ಅಂಕಿ ಇಲ್ಲದೆ ಆಮೇಲಿನ 11ಕ್ಕೆ ಅರ್ಥವಿಲ್ಲ: 18ರಿಂದ ಇಳಿದ 11 ಬೇರೆ, ಮೊದಲಿನಿಂದಲೂ ಇದ್ದ 11 ಬೇರೆ. ಜೊತೆಗೆ ಕೈ ತಡವರಿಸುತ್ತಿದೆಯೇ ಎಂದು ನೋಡಲು ಅದೇ ಪುಸ್ತಕದಲ್ಲಿ ರೋಗಿಯಿಂದ ಐದು ಮೂಲೆಯ ನಕ್ಷತ್ರ ಬರೆಸಿ. ಸಹಿ ಬೇಡ, ಅದು ಕೈಗೆ ಅಷ್ಟು ರೂಢಿಯಾಗಿರುತ್ತದೆ.

ಅಮೋನಿಯಾ ರಕ್ತಪರೀಕ್ಷೆ ಒಂದೇ ಸಾಲದೇ ಎಂದು ಕೇಳುತ್ತಾರೆ. ಸಾಲದು. ತೋಳಿಗೆ ಬಿಗಿಯಾಗಿ ಪಟ್ಟಿ ಕಟ್ಟಿ ತೆಗೆದ ರಕ್ತ, ಮಂಜುಗಡ್ಡೆಯಿಲ್ಲದೆ ಗಂಟೆಗಟ್ಟಲೆ ಮೇಜಿನ ಮೇಲೆ ಕುಳಿತರೆ ಅಂಕಿ ತಾನೇ ಏರುತ್ತದೆ. ಮನೆಗೆ ಬಂದು ರಕ್ತ ಒಯ್ಯುವವರಿಂದ ಈ ಒಂದು ಪರೀಕ್ಷೆ ಮಾಡಿಸಲೇಬೇಡಿ.

ಹಂತ 4: ಕೇಳಬೇಕಾದ್ದನ್ನು ಕೇಳಿ. ಸ್ಟೆಂಟ್ 8 ಮಿಲಿಮೀಟರ್ ಅಗಲದ್ದೋ, 10ರದ್ದೋ? ಅಡ್ಡದಾರಿ ಅಗಲವಾದಷ್ಟೂ ಮಿದುಳಿಗೆ ಹೊರೆ. ಕರುಳಿನ ಬ್ಯಾಕ್ಟೀರಿಯಾ ತಗ್ಗಿಸುವ ರಿಫಾಕ್ಸಿಮಿನ್ ಮಾತ್ರೆ ಮೊದಲೇ ಶುರು ಮಾಡಬಹುದೇ? 2021ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನದಲ್ಲಿ ಟಿಪ್ಸ್‌ಗೆ 14 ದಿನ ಮೊದಲೇ ಈ ಮಾತ್ರೆ ಆರಂಭಿಸಿದವರಲ್ಲಿ ತೊಂದರೆ ಕಂಡದ್ದು 34 ಶೇಕಡಾ ಜನರಿಗೆ, ಆರಂಭಿಸದವರಲ್ಲಿ 53. ನಿದ್ದೆ ಮಾತ್ರೆ, ವರ್ಷಗಟ್ಟಲೆ ನುಂಗುತ್ತಿರುವ ಗ್ಯಾಸ್ ಮಾತ್ರೆ ನಿಜಕ್ಕೂ ಬೇಕೇ ಎಂದೂ ಕೇಳಿ. ‘ಲಿವರ್ ಟಾನಿಕ್’ ಬಾಟಲಿಗಳನ್ನು, ಅಮೃತಬಳ್ಳಿ ಕಷಾಯವನ್ನು ಯಾರನ್ನೂ ಕೇಳದೆ ನಿಲ್ಲಿಸಿ. ಅಮೃತಬಳ್ಳಿಯಿಂದಲೇ ಲಿವರ್ ಕೆಟ್ಟ ಪ್ರಕರಣಗಳು ನಮ್ಮ ದೇಶದಲ್ಲೇ ವರದಿಯಾಗಿವೆ.

ಹಂತ 5: ಮೂರು ತಿಂಗಳು ಪುಸ್ತಕ ಬರೆಯಿರಿ. ದಿನಕ್ಕೆ ಎಷ್ಟು ಸಲ ಮಲ, ಎಷ್ಟು ಗಂಟೆ ನಿದ್ದೆ. ವಾರಕ್ಕೊಮ್ಮೆ ಪ್ರಾಣಿಗಳು, ನಕ್ಷತ್ರ. ಲ್ಯಾಕ್ಟುಲೋಸ್ (ಮಲ ಸಡಿಲಿಸುವ ಸಿರಪ್) ಕೊಟ್ಟಿದ್ದರೆ ಗುರಿ ದಿನಕ್ಕೆ ಎರಡು ಮೂರು ಸಲ ಮೃದುವಾದ ಮಲ. ಅದರ ಬದಲು ಇಸಬಗೋಲ್ ನಡೆಯುವುದಿಲ್ಲ, ಲ್ಯಾಕ್ಟುಲೋಸ್‌ನ ಕೆಲಸ ಅಮೋನಿಯಾವನ್ನು ಕರುಳಲ್ಲೇ ಹಿಡಿದಿಡುವುದು. ಹಾಗೆಂದು ಎಂಟು ಸಲ ಭೇದಿಯಾಗುವಷ್ಟು ಕುಡಿಸಿದರೆ ನೀರಿನಂಶ ಬತ್ತಿ ಅದರಿಂದಲೇ ಮಂಪರು ಬರುತ್ತದೆ. ಬೇಳೆ, ಮೊಸರು ನಿಲ್ಲಿಸಬೇಡಿ. ಪ್ರೋಟೀನ್ ಬಿಡಿಸುವುದು ಹಳೆಯ ಪದ್ಧತಿ, ಅದು ಸ್ನಾಯುವನ್ನೇ ತಿನ್ನುತ್ತದೆ. ಮಲಗುವ ಮುನ್ನ ಒಂದು ಲೋಟ ರಾಗಿ ಗಂಜಿ ಕೊಡಿ. ಸ್ಕೂಟರ್ ಕೀಲಿಯನ್ನು ಬಚ್ಚಿಡಿ.

ಚಾಚಿದ ಅಂಗೈಗಳು ಹಕ್ಕಿಯ ರೆಕ್ಕೆಯಂತೆ ಬಡಿದುಕೊಂಡರೆ, ಅಥವಾ ಹಗಲು ರಾತ್ರಿ ಅದಲುಬದಲಾದರೆ, ಅದೇ ದಿನ ಆಸ್ಪತ್ರೆಗೆ ಹೋಗಿ. ಅಲ್ಲಿ ಸೋಂಕು, ರಕ್ತಸ್ರಾವ, ಮಲಬದ್ಧತೆ ಹುಡುಕುತ್ತಾರೆ. ಪದೇ ಪದೇ ಆದರೆ ಸ್ಟೆಂಟನ್ನು ಕಿರಿದು ಮಾಡುವ ದಾರಿಯೂ ಇದೆ. ಹೋಗುವಾಗ ಆ ಪುಸ್ತಕ ಕೈಯಲ್ಲಿರಲಿ.